ವಯಸ್ಸಾದೋರ ಎಚ್‌ಐವಿ ಮಾತ್ರೆ, ಬೇರೆ ಮಾತ್ರೆ ಜೊತೆ ಹೊಂದಿಸೋದು ಹೇಗೆ
ಅಪ್ಪನೋ ಅಮ್ಮನೋ ಎಆರ್‌ಟಿ ಸೆಂಟರ್‌ನಿಂದ (ಎಚ್‌ಐವಿಗೆ ಚಿಕಿತ್ಸೆ ಕೊಡೋ ಕೇಂದ್ರ) ಟಿಎಲ್‌ಡಿ ಅನ್ನೋ ಎಚ್‌ಐವಿ ಮಾತ್ರೆ ತಗೋತಿದ್ರೆ, ಬಿಪಿ ಶುಗರ್ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕ್ಕೊಂಡು ಹೋಗಿ ಅಲ್ಲಿನ ಡಾಕ್ಟರ್‌ಗೆ ತೋರಿಸಿ, ಯಾಕಂದ್ರೆ ಟಿಎಲ್‌ಡಿಯಲ್ಲಿರೋ ಡೊಲುಟೆಗ್ರಾವಿರ್ ಅನ್ನೋ ಔಷಧಿ ರಕ್ತದಲ್ಲಿ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಔಷಧಿ ಮಟ್ಟ ಏರಿಸುತ್ತೆ, ಆ ಮೆಟ್‌ಫಾರ್ಮಿನ್ ಡೋಸ್ ಇಳಿಸ್ಬೇಕಾಗ್ಬಹುದು. ಗ್ಯಾಸ್‌ಗೆ ಅಂತ ಕುಡಿಯೋ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಇದೆಯಲ್ಲ, ಅದಕ್ಕಿಂತ 2 ಗಂಟೆ ಮುಂಚೆ ಇಲ್ಲಾ 6 ಗಂಟೆ ಆದ್ಮೇಲೆ ಟಿಎಲ್‌ಡಿ ಮಾತ್ರೆ ಕೊಡಿ. ಕ್ಯಾಲ್ಸಿಯಂ, ಐರನ್ ಮಾತ್ರೆ ಆದ್ರೆ ಊಟದ ಜೊತೆ ಟಿಎಲ್‌ಡಿ ಒಟ್ಟಿಗೆ ಕೊಟ್ರೆ ನಡೆಯುತ್ತೆ, ಖಾಲಿ ಹೊಟ್ಟೇಲಿ ಬೇಡ. ಕಿಡ್ನಿ ಟೆಸ್ಟ್ ತಪ್ಪಿಸ್ಬೇಡಿ.

ಇನ್ನೊಂದು, ಎಚ್‌ಐವಿ ಇರೋ ಎಷ್ಟೋ ಅಜ್ಜಿಯಂದಿರು ಮೊಮ್ಮಗೂನ ಎತ್ಕೊಳ್ಳೋಕೂ ಹೆದರ್ತಾರೆ, ಸಂಕಟ ಆಗುತ್ತೆ ನೋಡಿದ್ರೆ, ಮುದ್ದಾಡಿದ್ರೆ ಒಟ್ಟಿಗೆ ಉಂಡ್ರೆ ಇದು ಹರಡಲ್ಲ ಅಂತ ಪಕ್ಕದಲ್ಲಿ ಕೂತು ಬಾಯ್ಬಿಟ್ಟು ಹೇಳಿ. ಡೌಟಿದ್ರೆ ಏಡ್ಸ್ ಸಹಾಯವಾಣಿ 1097ಗೆ ಫೋನ್ ಮಾಡಿ, ಫ್ರೀ.