ಸೀಮಂತಕ್ಕೆ ಮೊದಲೇ ಟಿಡ್ಯಾಪ್: ನಮ್ಮಲ್ಲಿ ಇದು ಹೇಗೆ ಕೈಗೂಡಿತು

ನಮ್ಮದು ತಿಪಟೂರು ಕಡೆಯ ಸಣ್ಣ ನರ್ಸಿಂಗ್ ಹೋಮ್. ತಿಂಗಳಿಗೆ ಮೂವತ್ತು ನಲವತ್ತು ಗರ್ಭಿಣಿಯರು ಹೊಸದಾಗಿ ಹೆಸರು ಬರೆಸುತ್ತಾರೆ. ಅವರಲ್ಲಿ ಈಗ ಹತ್ತಕ್ಕೆ ಎಂಟು ಮಂದಿ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮು ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿಕೊಂಡೇ ತವರಿಗೆ ಹೊರಡುತ್ತಾರೆ. ಐದಾರು ವರ್ಷದ ಹಿಂದೆ ಹತ್ತಕ್ಕೆ ಒಬ್ಬರು ಹಾಕಿಸಿಕೊಂಡರೆ ಅದೇ ಜಾಸ್ತಿ. ಆಗ ನಮ್ಮ ಡಾಕ್ಟರುಗಳ ಮೀಟಿಂಗಿನಲ್ಲಿ ಹಿರಿಯರೊಬ್ಬರು, "ಕೊಬ್ಬರಿ ರೇಟು ಬಿದ್ದಿರೋ ಊರಲ್ಲಿ, ಕಣ್ಣಿಗೆ ಕಾಣದ ಕಾಯಿಲೆಗೆ ಸಾವಿರದ ಐನೂರು ಯಾರಮ್ಮ ಕೊಡ್ತಾರೆ?" ಎಂದಿದ್ದರು. ಕೊಡುತ್ತಾರೆ. ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ.

ಕಾಣದ ಕಾಯಿಲೆ ಅನ್ನೋ ಮಾತನ್ನೇ ನಾನು ಒಪ್ಪುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಾಯಿಕೆಮ್ಮು ಬಂದರೆ ಎಷ್ಟೋ ಸಲ ಆ ಎಳೆಯುವ ಸದ್ದೇ ಇರುವುದಿಲ್ಲ. ಕೂಸು ಉಸಿರು ಕಟ್ಟುತ್ತದೆ, ನೀಲಿಯಾಗುತ್ತದೆ. ನಾವು ನ್ಯುಮೋನಿಯಾ ಅಂತ ಬರೆದು ರೆಫರ್ ಮಾಡುತ್ತೇವೆ. ಮೂಗಿನಿಂದ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸೋರು ಎಷ್ಟು ಜನ? ಹುಡುಕದೆ ಹೋದರೆ ಸಿಗುವುದಾದರೂ ಹೇಗೆ? ನಮ್ಮಲ್ಲೇ ಹೆರಿಗೆಯಾದ ಒಂದು ಕೂಸು, ಐದು ವಾರದ್ದಿರಬೇಕು, ಹೀಗೇ ಬೆಂಗಳೂರಿಗೆ ಹೋಯಿತು. ಬಿಳಿ ರಕ್ತಕಣ ಐವತ್ತು ಸಾವಿರದ ಹತ್ತಿರ, ಅದರಲ್ಲಿ ಬಹುಪಾಲು ಲಿಂಫೋಸೈಟ್ ಅನ್ನುವ ಬಗೆಯವು. ಅಲ್ಲಿ ಪಿಸಿಆರ್ ಪಾಸಿಟಿವ್ ಬಂತು. ಮನೆಯಲ್ಲಿ ಅಜ್ಜಿ ತಿಂಗಳಿಂದ ಕೆಮ್ಮುತ್ತಿದ್ದರಂತೆ. ಕೂಸು ಉಳಿಯಿತು. ಆದರೆ ವಾರಗಟ್ಟಲೆ ಐಸಿಯು, ಬಿಲ್ಲು ಎರಡು ಲಕ್ಷ ದಾಟಿತ್ತು. ತಾಯಿ ಕಾರ್ಡಿನಲ್ಲಿ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ಎರಡೂ ಡೋಸು ಅಚ್ಚುಕಟ್ಟಾಗಿ ತುಂಬಿತ್ತು. ಟಿಡಿಯಲ್ಲಿ ನಾಯಿಕೆಮ್ಮಿನ ಭಾಗ ಇಲ್ಲವಲ್ಲ! ನಾಯಿಕೆಮ್ಮೂ ಸೇರಿ ಐದು ಕಾಯಿಲೆಗೆ ಕೂಸಿಗೆ ಹಾಕುವ ಪೆಂಟಾ ಲಸಿಕೆ ಶುರುವಾಗುವುದೇ ಆರು ವಾರಕ್ಕೆ. ಅಲ್ಲಿಯವರೆಗೆ ಅದಕ್ಕೆ ತಾಯಿಯಿಂದ ಬಂದದ್ದೇ ಗತಿ. ಅವತ್ತಿನಿಂದ ನಾನು ಇದರ ಹಿಂದೆ ಬಿದ್ದೆ.

ಮೊದಲು ಪೋಸ್ಟರ್ ಹಾಕಿದೆವು, ಓಪಿಡಿಯಲ್ಲಿ ಕೂರಿಸಿ ಹೇಳಿದೆವು. "ಟಿಟಿ ಆಯ್ತಲ್ಲ ಮೇಡಂ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗೀತು. ಆಮೇಲೆ ಹೆರಿಗೆ ಪ್ಯಾಕೇಜಿಗೆ ಟಿಡ್ಯಾಪನ್ನೂ ಸೇರಿಸಿದೆವು. ಇದು ಪೂರ್ತಿ ನೆಲ ಕಚ್ಚಿತು. ಚೊಚ್ಚಲ ಹೆರಿಗೆ ತವರಲ್ಲಿ. ಪ್ಯಾಕೇಜಿಗೆ ದುಡ್ಡು ಕಟ್ಟುವವರು ಹೆಚ್ಚಾಗಿ ತವರಿಗೆ ನಮ್ಮೂರಿಗೇ ಬಂದವರು. ಅವರು ಬರುವಾಗಲೇ ಮೂವತ್ತೇಳು, ಮೂವತ್ತೆಂಟು ವಾರ. ಆಗ ಚುಚ್ಚಿದರೆ ಆಂಟಿಬಾಡಿ ಏರಲು ಎರಡು ವಾರ ಬೇಕು, ಅಷ್ಟರಲ್ಲಿ ಹೆರಿಗೆ. ದುಡ್ಡು ಹೋಗುತ್ತದೆ, ಕೂಸಿಗೆ ಸಿಗುವುದು ಅಷ್ಟಕ್ಕಷ್ಟೇ.

ಸ್ಟಾಕಿನ ಕಥೆ ಬೇರೆ. ರೇಟು ಇಳಿಸಿಕೊಡ್ತೀನಿ ಅಂತ ಸ್ಟಾಕಿಸ್ಟ್ ಹೇಳಿದ, ಹತ್ತು ಹನ್ನೆರಡು ಸಿರಿಂಜ್ ಒಟ್ಟಿಗೆ ತರಿಸಿದೆವು. ನಾಲ್ಕೈದು ಎಕ್ಸ್‌ಪೈರಿ ಆದವು. ವಾಪಸ್ ತಗೊಳ್ಳಲಿಲ್ಲ. ಐದು ಸಾವಿರದಷ್ಟು ಕೈಬಿಟ್ಟು ಹೋಯಿತು. ಇನ್ನೊಂದು ಸಲ ಮನೆ ಮಾದರಿಯ ಫ್ರಿಡ್ಜಿನ ಹಿಂಬದಿಗೆ ತಾಗಿ ಎರಡು ಸಿರಿಂಜ್ ಹೆಪ್ಪುಗಟ್ಟಿದವು. ಅಲಮ್ (ಅಲ್ಯೂಮಿನಿಯಂ ಲವಣ) ಇರುವ ಲಸಿಕೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ, ಎಸೆದೆವು. ಈಗ ಯಾವಾಗಲೂ ಮೂರೇ ಇಟ್ಟಿರುತ್ತೇವೆ. ಉಳಿದದ್ದು ಹೆಸರಿನ ಮೇಲೆ ಆರ್ಡರ್. ಸ್ಟಾಕಿಸ್ಟ್ ಮೂರಕ್ಕೂ ಅದೇ ರೇಟು ಕೊಡುತ್ತಾನೆ. ಹೇಗೆ ಒಪ್ಪಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ದಾರಿ ಸಿಕ್ಕಿದ್ದು ನಮ್ಮ ರಿಜಿಸ್ಟರಿನಲ್ಲಿ. ಒಂದು ಭಾನುವಾರ ಕೂತು ಹಳೆಯ ಪುಟ ತಿರುವಿದೆ. ಇಪ್ಪತ್ತೆಂಟು, ಮೂವತ್ತು ವಾರದ ಹೊತ್ತಿಗೆ ಹೆಸರುಗಳು ಸಾಲಾಗಿ ಮಾಯ. ಏಳನೇ ತಿಂಗಳಲ್ಲಿ ಸೀಮಂತ, ಮಡಿಲು ತುಂಬಿಸಿಕೊಂಡು ತವರಿಗೆ. ಟಿಡ್ಯಾಪ್ ಹಾಕಬೇಕಾದ್ದು 27ರಿಂದ 36 ವಾರದ ಒಳಗೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ಡಾಕ್ಟರ್ ಬದಲಿಸುತ್ತಾರೆ. ತವರಿನ ಡಾಕ್ಟರು ಇವರಿಗೆ ಎಲ್ಲಾ ಅಲ್ಲೇ ಆಗಿರಬೇಕು ಅಂದುಕೊಳ್ಳುತ್ತಾರೆ. ನಾವು ಮುಂದೆ ನೋಡೋಣ ಅಂದುಕೊಂಡಿರುತ್ತೇವೆ. ಯಾರೂ ಬೇಡ ಅಂದಿರುವುದಿಲ್ಲ, ಆದರೂ ಲಸಿಕೆ ಬೀಳುವುದಿಲ್ಲ.

ದುಡ್ಡಿನ ಗಂಟೂ ಇಲ್ಲೇ ಇತ್ತು. ನಮ್ಮ ಕಡೆ ಬಸುರಿಯ ಖರ್ಚು ಗಂಡನ ಮನೆಯದು, ಹೆರಿಗೆ, ಬಾಣಂತನ ತವರಿನದು. ಏಳು ತುಂಬಿದ ಮೇಲೆ ಕೇಳಿದರೆ ಅತ್ತೆ ತವರಿನ ಕಡೆ ನೋಡುತ್ತಾರೆ, ತಾಯಿ ಅತ್ತೆ ಕಡೆ ನೋಡುತ್ತಾರೆ. ಸೀಮಂತಕ್ಕೆ ಮೊದಲು ಕೇಳಿದರೆ ಈ ಪೇಚಾಟವೇ ಇಲ್ಲ.

ಹಾಗಾಗಿ ಐದನೇ ತಿಂಗಳ ಸ್ಕ್ಯಾನ್ ದಿನವೇ ನಮ್ಮ ಸಿಸ್ಟರ್ "ಸೀಮಂತ ಯಾವಾಗ ಇಟ್ಕೊಂಡಿದೀರಾ?" ಅಂತ ಕೇಳುತ್ತಾರೆ. ಆ ದಿನಾಂಕ ಕೆಂಪು ಶಾಯಿಯಲ್ಲಿ ಕಾರ್ಡಿನ ಮೇಲೆ ಹೋಗುತ್ತದೆ. ಅದಕ್ಕಿಂತ ಒಂದು ವಾರ ಮೊದಲು, ಆದರೆ 27 ವಾರ ತುಂಬಿದ ಮೇಲೆ, ಒಂದು ವಿಸಿಟ್. ಗ್ಲೂಕೋಸ್ ಟೆಸ್ಟ್, ಹಿಮೋಗ್ಲೋಬಿನ್, ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದರೆ ಆಂಟಿ-ಡಿ ಚುಚ್ಚುಮದ್ದು, ಜೊತೆಗೆ ಟಿಡ್ಯಾಪ್, ಎಲ್ಲಾ ಅವತ್ತೇ. ಗ್ಲೂಕೋಸ್ ಕುಡಿದು ಎರಡು ಗಂಟೆ ಕೂತಿರಲೇಬೇಕು. ಮಾತಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಅತ್ತೆ ಜೊತೆಗೆ ಬಂದಿದ್ದರೆ ಸಿಸ್ಟರ್ ಅವರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ಕೇಳಿದ ಮೇಲೆ ಬೇಡ ಅಂದ ಅತ್ತೆಯನ್ನು ನಾನು ಹೆಚ್ಚು ಕಂಡಿಲ್ಲ. ಅದು ನಮ್ಮ ಸಿಸ್ಟರ್ ಕಂಡುಕೊಂಡದ್ದು, ಅವರ ಹತ್ತಿರವೇ ಇರಲಿ. ಒಂದು ವಾರ ಮೊದಲು ಅಂದದ್ದಕ್ಕೂ ಕಾರಣ ಇದೆ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಸೀಮಂತದ ದಿನ ಹುಡುಗಿ ಬಳೆ ತೊಡಿಸಿಕೊಳ್ಳುವಾಗ ಮುಖ ಕಿವುಚಿದರೆ ಇಡೀ ಬೀದಿಗೆ ಅಪಪ್ರಚಾರ.

ದುಡ್ಡನ್ನು ಒಟ್ಟಿಗೆ ಕೇಳುವುದನ್ನೂ ಬಿಟ್ಟೆವು. ಮೂರನೇ ತಿಂಗಳಿಂದ ಪ್ರತಿ ವಿಸಿಟ್‌ನಲ್ಲಿ ಇನ್ನೂರು, ಮುನ್ನೂರು ರೂಪಾಯಿ ಒಂದು ಕವರಿಗೆ. ಕೊಬ್ಬರಿ ಹರಾಜಾದ ವಾರ ಒಮ್ಮೆಲೇ ಐನೂರು ಹಾಕುವವರೂ ಇದ್ದಾರೆ. ಏಳನೇ ತಿಂಗಳಿಗೆ ದುಡ್ಡು ತಾನೇ ಕೂಡಿರುತ್ತದೆ. ಬೇಡ ಅಂದರೆ ಪೂರ್ತಿ ವಾಪಸ್, ಪ್ರಶ್ನೆ ಕೇಳುವ ಹಾಗಿಲ್ಲ. ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತೇವೆ, ಚುಚ್ಚುವುದಕ್ಕೆ ಬೇರೆ ಚಾರ್ಜ್ ಇಲ್ಲ. ಒಂದು ಡೋಸಿಗೆ ನಮಗೆ ನೂರು ಚಿಲ್ಲರೆ ಉಳಿದರೆ ಹೆಚ್ಚು. ಆದರೆ ಕವರ್ ಇಟ್ಟವರು ವಿಸಿಟ್ ತಪ್ಪಿಸುವುದಿಲ್ಲ. ಹಿಮೋಗ್ಲೋಬಿನ್, ಬಿಪಿ ಎಲ್ಲಾ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ನನಗೆ ಅದೇ ಲಾಭ.

ಮೊದಲ ಟಿಡಿ ಸರ್ಕಾರದ್ದು, ಪಿಎಚ್‌ಸಿಯಲ್ಲೇ ಆಗಲಿ. ಎರಡನೆಯದರ ಜಾಗಕ್ಕೆ ನಮ್ಮ ಟಿಡ್ಯಾಪ್. ಶುರುವಿನಲ್ಲಿ ಎಎನ್‌ಎಂಗಳಿಗೆ (ಸರ್ಕಾರಿ ಆರೋಗ್ಯ ಸಹಾಯಕಿಯರಿಗೆ) ಇದು ಹಿಡಿಸಲಿಲ್ಲ. ಅವರ ರಿಜಿಸ್ಟರಿನಲ್ಲಿ ಎರಡನೇ ಟಿಡಿ ಕಾಲಂ ಖಾಲಿ ಉಳಿಯುತ್ತಿತ್ತು, ಪಾಪ, ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು. ಈಗ ಸಿರಿಂಜಿನ ಬ್ಯಾಚ್ ಸ್ಟಿಕ್ಕರನ್ನು ತಾಯಿ ಕಾರ್ಡಿಗೇ ಅಂಟಿಸಿ, ದಿನಾಂಕ ಬರೆದು, ಸೀಲ್ ಹಾಕುತ್ತೇವೆ. ಧನುರ್ವಾಯು, ಡಿಫ್ತೀರಿಯಾ ಎರಡೂ ಇದರಲ್ಲಿ ಬಂತು ಅಂತ ಒಂದು ಸಾಲು. ತವರಿನ ಡಾಕ್ಟರಿಗೂ ಅದೇ ಉತ್ತರ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಅಪ್ಪ, ಅಜ್ಜಿ, ಅತ್ತೆ ಎಲ್ಲರಿಗೂ ಹಾಕಿ ಕೂಸಿನ ಸುತ್ತ ಕೋಟೆ ಕಟ್ಟೋಣ ಅಂತ ಒಂದು ವರ್ಷ ನೋಡಿದೆ. ನಾಲ್ಕು ಡೋಸ್ ಅಂದರೆ ಆರು ಸಾವಿರ, ಯಾರು ಹಾಕಿಸುತ್ತಾರೆ? ಬಾಣಂತಿ ನೋಡಲು ಬರುವ ನೆಂಟರು ಬೇರೆ. ಬಿಟ್ಟೆ. ಇನ್ನೊಮ್ಮೆ ಐದಾರು ತಾಯಂದಿರ ರಕ್ತ ಮತ್ತು ಹೊಕ್ಕುಳ ಬಳ್ಳಿಯ ರಕ್ತ ಎರಡನ್ನೂ ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ, ನನ್ನ ಕೈಯಿಂದಲೇ ದುಡ್ಡು. ಹೆಚ್ಚಿನವರಲ್ಲಿ ತಾಯಿಗಿಂತ ಬಳ್ಳಿಯ ರಕ್ತದಲ್ಲೇ ಆಂಟಿಬಾಡಿ ಜಾಸ್ತಿ ಇತ್ತು. ಮಾಸು ಅದನ್ನು ಎಳೆದು ಕೂಸಿಗೆ ದಾಟಿಸುತ್ತದೆ ಅಂತ ಓದಿದ್ದೆ, ಕಣ್ಣಾರೆ ನೋಡಿ ಬಹಳ ಖುಷಿಯಾಯಿತು. ಆದರೆ ಎಷ್ಟಿದ್ದರೆ ಸಾಕು ಅನ್ನುವ ಗೆರೆಯೇ ನಾಯಿಕೆಮ್ಮಿಗೆ ಇಲ್ಲ. ಆ ಅಂಕಿ ಹಿಡಿದುಕೊಂಡು ಮಾಡುವುದೇನು? ಅದನ್ನೂ ನಿಲ್ಲಿಸಿದೆ.

ಪಕ್ಕದ ಬೀದಿಯ ಮಕ್ಕಳ ಡಾಕ್ಟರಿಗೆ ಬೇರೆ ಅನುಮಾನ ಇತ್ತು. ತಾಯಿಯ ಆಂಟಿಬಾಡಿ ಇದ್ದರೆ ಪೆಂಟಾ ಸರಿಯಾಗಿ ಹಿಡಿಯುವುದಿಲ್ಲ ಅಂತ. ಕೂಸಿನ ಸ್ವಂತ ಆಂಟಿಬಾಡಿ ಸ್ವಲ್ಪ ಕಡಿಮೆ ಬರುವುದು ನಿಜ. ಆದರೆ ಸಾಯುವ ಕೂಸುಗಳಲ್ಲಿ ಹೆಚ್ಚಿನವು ಮೂರು ತಿಂಗಳೊಳಗಿನವೇ ಅಲ್ವಾ? ಇಂಗ್ಲೆಂಡಿನಲ್ಲಿ 2012ರಲ್ಲಿ ಈ ಕಾಯಿಲೆ ಎದ್ದಾಗ 14 ಕೂಸುಗಳು ಸತ್ತವು. ಆ ವರ್ಷದ ಅಕ್ಟೋಬರಿನಿಂದ ಗರ್ಭಿಣಿಯರಿಗೆ ಹಾಕತೊಡಗಿದರು, ಮೂರು ತಿಂಗಳೊಳಗಿನ ಕೂಸುಗಳಿಗೆ ನೂರಕ್ಕೆ ತೊಂಬತ್ತರಷ್ಟು ರಕ್ಷಣೆ ಕಂಡಿತು. ಇದನ್ನು ಅವರ ಮುಂದಿಟ್ಟೆ. ಈಗ ಅವರು ಮೊದಲ ಕೂಸು ತೋರಿಸಲು ಬಂದ ತಾಯಂದಿರಿಗೆ, "ಮುಂದಿನ ಸಲಾನೂ ಮರೀದೆ ಹಾಕಿಸ್ಕೊಳಮ್ಮ" ಅನ್ನುತ್ತಾರೆ. ಪ್ರತಿ ಬಸಿರಿನಲ್ಲೂ ಬೇಕು, ಹಳೆಯದು ಉಳಿದಿರುವುದಿಲ್ಲ.

ಇನ್ನೂ ಸರಿಹೋಗದ್ದು ಆರನೇ ವಾರ. ತಾಯಿ ಕೊಟ್ಟ ಆಂಟಿಬಾಡಿ ತಿಂಗಳು ಒಂದೂವರೆ ತಿಂಗಳಿಗೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಪೆಂಟಾ ತಡವಾದರೆ ನಾವು ಪಟ್ಟ ಪಾಡೆಲ್ಲ ನೀರುಪಾಲು. ಕೂಸು ತವರಲ್ಲಿ, "ಮೂರು ತಿಂಗಳು ತುಂಬಲಿ, ಗಂಡನ ಮನೆಗೆ ಹೋದ ಮೇಲೆ ಹಾಕಿಸಿದರಾಯ್ತು" ಅನ್ನುವ ಮನೆಗಳು ಇನ್ನೂ ಇವೆ. ಹೆರಿಗೆಯಾಗಿ ಒಂದು ತಿಂಗಳಿಗೆ ಸಿಸ್ಟರ್ ಫೋನ್ ಮಾಡುತ್ತಾರೆ. ಅರ್ಧದಷ್ಟು ನಂಬರ್ ಗಂಡನದು, ಅವನು ಊರಲ್ಲಿ, ಹೆಂಡತಿ ತವರಲ್ಲಿ. ಈಗ ಟಿಡ್ಯಾಪ್ ಹಾಕುವ ದಿನವೇ ಹುಡುಗಿಯ ತಾಯಿಯ ನಂಬರ್, ತವರೂರಿನ ಆಶಾ ಹೆಸರು, ಯಾವ ಪಿಎಚ್‌ಸಿ ಅನ್ನುವುದನ್ನು ಬರೆಸಿಕೊಳ್ಳಲು ಶುರುಮಾಡಿದ್ದೇವೆ. ಅರಸೀಕೆರೆ, ಗುಬ್ಬಿ ಕಡೆಗೆ ತವರು ಇರುವವರಲ್ಲಿ ಇದು ನಡೆಯುತ್ತಿದೆ. ಬೆಂಗಳೂರಿನ ತವರುಗಳಲ್ಲಿ ಆಶಾ ಯಾರೆಂದೇ ಮನೆಯವರಿಗೆ ಗೊತ್ತಿಲ್ಲ, ಅಲ್ಲಿಗೆ ಬೇರೆ ದಾರಿ ಹುಡುಕುತ್ತಿದ್ದೇವೆ.