ದುಡ್ಡು ಕೊಟ್ಟ ಡಿಪ್ಲೊಮಾ, ಪುಕ್ಕಟೆ ಜಿಸಿಪಿ, ಆಮೇಲೆ ಸಿಸಿಆರ್‌ಸಿ: ನನ್ನ ಅನುಭವ

ಕ್ಲಿನಿಕಲ್ ರಿಸರ್ಚ್‌ಗೆ, ಅಂದರೆ ಔಷಧಿ-ಚಿಕಿತ್ಸೆಗಳನ್ನು ಜನರಲ್ಲಿ ಪರೀಕ್ಷಿಸಿ ನೋಡುವ ಟ್ರಯಲ್‌ಗಳ ಕೆಲಸಕ್ಕೆ, ಬರೋಕೆ ನಾನು ಹಿಡಿದ ದಾರಿ ತಿರುಗುಮುರುಗಾಗಿತ್ತು. ಕೆಲಸ ಗ್ಯಾರಂಟಿ ಅಂದವರ ಹತ್ತಿರ ದುಡ್ಡು ಕಟ್ಟಿ ಆರು ತಿಂಗಳು ಡಿಪ್ಲೊಮಾ ಮಾಡಿದೆ. ಕೈಗೆ ಬಂದದ್ದು ಒಂದು ಚೆಂದದ ಫೈಲ್, ಅಷ್ಟೇ. ಇಂಟರ್‌ವ್ಯೂನಲ್ಲಿ "ಒಪ್ಪಿಗೆ ಪತ್ರ ಟ್ರಯಲ್ ನಡುವೆ ಬದಲಾದರೆ ಈಗಾಗಲೇ ಸೇರಿರುವವರಿಗೆ ಏನು ಮಾಡ್ತೀರಿ?" ಅಂತ ಕೇಳಿದರು. ನನಗೆ ನೆನಪಿದ್ದದ್ದು ಸಂಶೋಧನೆಯ ನೀತಿ ನಿಯಮಗಳ ಇಸವಿಗಳು ಮಾತ್ರ, ನ್ಯೂರೆಂಬರ್ಗ್ ಕೋಡ್ 1947, ಹೆಲ್ಸಿಂಕಿ ಘೋಷಣೆ 1964!

ಆಮೇಲೆ ಪುಕ್ಕಟೆ ಸಿಗುವ ಒಂದು ಆನ್‌ಲೈನ್ ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್, ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳು) ಕೋರ್ಸ್ ಮುಗಿಸಿದೆ. ಕೆಲವೇ ಗಂಟೆಗಳ ಕೆಲಸ. ತಮಾಷೆ ಅಂದ್ರೆ ಮೊದಲ ಕೆಲಸ ಸಿಕ್ಕಾಗ ಸೈಟ್‌ನವರು (ಟ್ರಯಲ್ ನಡೆಯುವ ಜಾಗದವರು) ಫೈಲಿಗೆ ಹಾಕಿಕೊಂಡದ್ದು ಆ ಸರ್ಟಿಫಿಕೇಟನ್ನೇ, ಡಿಪ್ಲೊಮಾವನ್ನು ಯಾರೂ ಕೇಳಲೇ ಇಲ್ಲ. ಟ್ರಯಲ್‌ನಲ್ಲಿ ಕೆಲಸ ಮಾಡುವವರಿಗೆ ಜಿಸಿಪಿ ತರಬೇತಿ ಆಗಿರಬೇಕು ಅಂತ ಸಾಮಾನ್ಯವಾಗಿ ಕೇಳ್ತಾರೆ, ಅಲ್ವಾ.

ಸೈಟ್‌ನಲ್ಲಿ ಟ್ರಯಲ್‌ನ ದಿನದಿನದ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್‌ಗಳಿಗೆ ಎಸಿಆರ್‌ಪಿ (ಕ್ಲಿನಿಕಲ್ ರಿಸರ್ಚ್ ವೃತ್ತಿಯವರ ಸಂಘ) ಪರೀಕ್ಷೆ ಮಾಡಿ ಕೊಡುವ ಪ್ರಮಾಣಪತ್ರ ಸಿಸಿಆರ್‌ಸಿ, ಸೈಟ್‌ನ ಕೆಲಸ, ದಾಖಲೆ ಪರಿಶೀಲಿಸುವ ಮಾನಿಟರ್‌ಗಳಿಗೆ ಸಿಸಿಆರ್‌ಎ. ನಾನು ಪದವಿ ಮೇಲೆ ಅರ್ಜಿ ಹಾಕಿದಾಗ 3,000 ಗಂಟೆಗಳ ಅನುಭವ ತೋರಿಸಬೇಕಿತ್ತು. ಅಂದರೆ ಪೂರ್ತಿ ಹೊತ್ತಿನ ಕೆಲಸ ಹೆಚ್ಚುಕಡಿಮೆ ಒಂದೂವರೆ ವರ್ಷ. ಹೊಸಬರು ಇದನ್ನು ಮೊದಲು ಮಾಡೋಣ ಅಂದುಕೊಳ್ತಾರೆ, ಆಗೋದಿಲ್ಲ. ಸೋಕ್ರಾ ಅನ್ನೋ ಇನ್ನೊಂದು ಸಂಘದ ಪ್ರಮಾಣಪತ್ರ ಸಿಸಿಆರ್‌ಪಿ ಕೂಡ ಅನುಭವ ಕೇಳುತ್ತೆ.

ಸಿಸಿಆರ್‌ಸಿ ಪರೀಕ್ಷೆಗೆ ಓದಿದ್ದು ಹೇಗೆ ಅಂದ್ರೆ, ನಮ್ಮ ಸೈಟ್‌ನಲ್ಲಿ ಆದ ಡೀವಿಯೇಷನ್‌ಗಳನ್ನೆಲ್ಲ (ನಿಯಮ ತಪ್ಪಿದ ಸಂಗತಿಗಳನ್ನು) ಒಂದು ನೋಟ್‌ಬುಕ್‌ನಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಐಸಿಎಚ್ ಇ6ನ (ಜಿಸಿಪಿಯ ಅಂತರರಾಷ್ಟ್ರೀಯ ಮಾರ್ಗಸೂಚಿಯ) ಯಾವ ಮಾತು ಮುರಿಯಿತು ಅಂತ ಹುಡುಕಿ ಬರೆದೆ. ಮೊದಲ ಸಾಲಿನದು ನನ್ನದೇ ತಪ್ಪು. ವಯಸ್ಸಾದವರೊಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಪೆನ್ನು ಕೆಳಗಿಟ್ಟರು, ತಾರೀಖನ್ನು ನಾನೇ ಬರೆದುಬಿಟ್ಟೆ, ಸಹಾಯ ಮಾಡೋಣ ಅಂತ. ಮಾನಿಟರ್ ಕೈಬರಹ ನೋಡಿಯೇ ಹಿಡಿದರು. ಸಹಿ ಹಾಕಿದವರೇ ತಾರೀಖನ್ನೂ ಬರೆಯಬೇಕು ಅನ್ನೋದು ಆವತ್ತಿನಿಂದ ಮರೆತೇ ಇಲ್ಲ.

ಪರೀಕ್ಷೆ ಮೂರು ಗಂಟೆ, 125 ಪ್ರಶ್ನೆ, ಎಲ್ಲವೂ ಆಯ್ಕೆಯವು. ಅಲ್ಲಿ ಕಾಡೋದು ಗೊತ್ತಿಲ್ಲದ ವಿಷಯಕ್ಕಿಂತ ಕೆಲಸದಲ್ಲಿ ರೂಢಿಯಾದದ್ದೇ ಜಾಸ್ತಿ. ಟ್ರಯಲ್‌ಗೆ ಸೇರಿದವರ ಆರೋಗ್ಯಕ್ಕೆ ಗಂಭೀರ ತೊಂದರೆ ಆದರೆ ಸ್ಪಾನ್ಸರ್‌ಗೆ (ಟ್ರಯಲ್‌ನ ಹೊಣೆ ಹೊತ್ತ ಸಂಸ್ಥೆಗೆ) 24 ಗಂಟೆಯೊಳಗೆ ತಿಳಿಸು ಅಂತ ನಮ್ಮ ಪ್ರೋಟೋಕಾಲ್‌ಗಳಲ್ಲಿ (ಟ್ರಯಲ್‌ನ ಯೋಜನಾ ದಾಖಲೆಗಳಲ್ಲಿ) ಇರುತ್ತಿತ್ತು, ಕೈ ಸೀದಾ ಅದಕ್ಕೇ ಹೋಗುತ್ತೆ. ಇ6 ಹೇಳೋದು 'ತಕ್ಷಣ' ಅಂತ. ಪ್ರಶ್ನೆಗಳು ಐಸಿಎಚ್ ಮಾರ್ಗಸೂಚಿಗಳ ಮೇಲೆ ನಿಂತಿರುತ್ತವೆ, ನಮ್ಮ ದೇಶದ ಕಾನೂನು, ನಮ್ಮ ಸೈಟ್‌ನ ರೂಢಿ ತಲೆಯಲ್ಲಿಟ್ಟುಕೊಂಡು ಹೋದರೆ ಎಡವೋದು ಖಂಡಿತ. ಮಾದರಿ ಪ್ರಶ್ನೆ ಬಿಡಿಸುವಾಗ ನಾನೂ ಹೀಗೇ ಅಂಕ ಕಳೆದುಕೊಂಡೆ.

ಈಗ ಓದುವವರು ಇನ್ನೊಂದು ನೋಡಿಕೊಳ್ಳಿ. ಇ6ನ ಮೂರನೇ ಪರಿಷ್ಕರಣೆ 2025ರ ಜನವರಿಯಲ್ಲಿ ಅಂತಿಮವಾಯಿತು. ಟ್ರಯಲ್‌ಗೆ ಸೇರಿದವರನ್ನು ಹಳೆಯದರಲ್ಲಿ 'ಸಬ್ಜೆಕ್ಟ್' ಅಂತಿದ್ದರು, ಈಗ 'ಪಾರ್ಟಿಸಿಪೆಂಟ್'. ಸೀನಿಯರ್‌ಗಳು ಪ್ರೀತಿಯಿಂದ ಕೊಡುವ ಹಳೆ ನೋಟ್ಸ್ ತಗೊಳ್ಳಿ, ಆದರೆ ಪರೀಕ್ಷೆಗೆ ಯಾವ ಆವೃತ್ತಿ ಅಂತ ಎಸಿಆರ್‌ಪಿ ಕೈಪಿಡಿಯಲ್ಲಿ ನೋಡಿಯೇ ಓದೋಕೆ ಕೂರಿ.

ಪಾಸಾದ ಮೇಲೆ ಸಂಬಳ ಮರುದಿನವೇ ಏರಲಿಲ್ಲ. ಮಾನಿಟರ್ ಕೆಲಸಕ್ಕೆ ಹೋದಾಗ ಇಂಟರ್‌ವ್ಯೂನಲ್ಲಿ ಸಿಸಿಆರ್‌ಸಿ ಬಗ್ಗೆ ಒಂದೇ ಪ್ರಶ್ನೆ ಬಂತು, ಉಳಿದ ಅರ್ಧ ಗಂಟೆ ಆ ಡೀವಿಯೇಷನ್ ನೋಟ್‌ಬುಕ್ಕಿನ ಮಾತೇ. ತಾರೀಖಿನ ಕಥೆಯನ್ನೂ ಹೇಳಿದೆ, ನಕ್ಕರು, ಕೆಲಸ ಕೊಟ್ಟರು.