ಬಸಿರಿಗೆ ಮುನ್ನ, ಬಸಿರಿನಲ್ಲಿ, ಬಾಣಂತನದಲ್ಲಿ: ಸಕ್ಕರೆ ಕಾಯಿಲೆಯ ನಿರ್ವಹಣೆ

ಮಗುವಿನ ಹೃದಯ, ಬೆನ್ನುಹುರಿಗಳು ಮೊದಲ ಎಂಟು ವಾರಗಳಲ್ಲೇ ರೂಪುಗೊಳ್ಳುವುದರಿಂದ, ಸಕ್ಕರೆ ಕಾಯಿಲೆ ಇರುವವರು ಬಸಿರಾಗುವ ಮೊದಲೇ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ರಕ್ತಪರೀಕ್ಷೆ) ಪ್ರಮಾಣವನ್ನು ಶೇ 6.5ಕ್ಕಿಂತ ಕೆಳಗೆ ತಂದುಕೊಳ್ಳುವುದು ಒಳ್ಳೆಯದು. ವೈದ್ಯರನ್ನು ಕೇಳಿ ಫೋಲಿಕ್ ಆಮ್ಲವನ್ನೂ ಆಗಲೇ ಆರಂಭಿಸಬೇಕು.

ಕಾಯಿಲೆ ಇಲ್ಲದವರಿಗೂ ಮೊದಲ ತಪಾಸಣೆಯಲ್ಲಿ, ಮತ್ತೆ 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುತ್ತಾರೆ. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗರ್ಭಾವಧಿಯ ಮಧುಮೇಹ. ಚಿಕಿತ್ಸೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 95ರೊಳಗೆ, ಊಟವಾದ ಎರಡು ಗಂಟೆಗೆ 120ರೊಳಗೆ ಇರಬೇಕು. ರಾಗಿ ಮುದ್ದೆಯನ್ನು ಎಷ್ಟು ಉಂಡರೂ ಸಕ್ಕರೆ ಏರದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ದೊಡ್ಡ ಮುದ್ದೆ ಅನ್ನದಷ್ಟೇ ತೊಂದರೆ ಕೊಡಬಲ್ಲದು. ನಿಂಬೆ ಗಾತ್ರಕ್ಕಿಂತ ತುಸು ದೊಡ್ಡ ಮುದ್ದೆ, ಬಟ್ಟಲು ತುಂಬ ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ, ಉಂಡ ಮೇಲೆ ಹದಿನೈದು ನಿಮಿಷದ ನಡಿಗೆ ವಾಸಿ. ಇಷ್ಟಕ್ಕೂ ಇಳಿಯದಿದ್ದರೆ ಇನ್ಸುಲಿನ್‌ಗೆ ಹೆದರಬೇಕಿಲ್ಲ. ಅದು ಮಗುವಿಗೆ ದಾಟುವುದಿಲ್ಲ.

ಹೆರಿಗೆಯಾದೊಡನೆ ಇನ್ಸುಲಿನ್ ಅಗತ್ಯ ಥಟ್ಟನೆ ಇಳಿಯುವುದರಿಂದ, ಅದನ್ನು ಮುಂದುವರಿಸುವವರು ಹಾಲೂಡಿಸುವಾಗ ಸಕ್ಕರೆ ತೀರಾ ಇಳಿದರೆ ತಿನ್ನಲು ಏನಾದರೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಬಾಣಂತಿಗೆಂದು ಪ್ರೀತಿಯಿಂದ ಕಟ್ಟಿದ ಬೆಲ್ಲದ ಅಂಟಿನುಂಡೆಯನ್ನು ಮಾತ್ರ ಮನೆಯ ಹಿರಿಯರು ಬೇರೆಯವರಿಗೆ ಹಂಚಲಿ. ಗರ್ಭಾವಧಿಯ ಮಧುಮೇಹ ಬಂದಿದ್ದವರು ಹೆರಿಗೆಯಾದ ಆರು ವಾರಕ್ಕೆ ಗ್ಲೂಕೋಸ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.